ಅಕಾಡೆಮಿಕ್ ಫ್ರೇಸ್‌ಬ್ಯಾಂಕ್: ತುಮಕೂರಿನ ಸಂಶೋಧನಾ ವಿದ್ಯಾರ್ಥಿಗಳಿಗೆ ಎಷ್ಟು ಉಪಯೋಗ?

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಜಾನ್ ಮೋರ್ಲಿ ಸಿದ್ಧಪಡಿಸಿದ ಅಕಾಡೆಮಿಕ್ ಫ್ರೇಸ್‌ಬ್ಯಾಂಕ್ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪೀಠಿಕೆ, ಆಕರಗಳ ಉಲ್ಲೇಖ, ವಿಧಾನ, ಫಲಿತಾಂಶ, ಚರ್ಚೆ, ಉಪಸಂಹಾರ, ಈ ಆರು ಭಾಗಗಳಿಗೆ ಬೇಕಾದ ಇಂಗ್ಲಿಷ್ ವಾಕ್ಯದ ಅಚ್ಚುಗಳು ಇದರಲ್ಲಿವೆ. ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ ಈಗ ತುಮಕೂರು ವಿ.ವಿ.ಯಲ್ಲಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾದವರಿಗೆ ಒಳ್ಳೆಯ ಆಸರೆ. ಆದರೆ ಒರಳು ಸಿಕ್ಕ ಮಾತ್ರಕ್ಕೆ ಚಕ್ಕುಲಿ ಆಗದು, ಹಿಟ್ಟೂ ಹದಕ್ಕೆ ಬರಬೇಕು.

ಹದ ಕೆಡುವ ಮೊದಲ ಜಾಗ ಕಾಲ. ಕನ್ನಡದಲ್ಲಿ "2015ರಲ್ಲಿ ಅಧ್ಯಯನ ಮಾಡಿದ್ದಾರೆ" ಎಂದರೆ ಏನೂ ತಪ್ಪಿಲ್ಲ. ಅದೇ ಗುಂಗಿನಲ್ಲಿ "ಹ್ಯಾವ್ ಸ್ಟಡೀಡ್" ಅಚ್ಚು ಎತ್ತಿಕೊಂಡು ಕೊನೆಗೆ "ಇನ್ 2015" ಅಂಟಿಸಿದರೆ ವಾಕ್ಯ ಕೆಟ್ಟಿತು. ಇಸವಿ ಬಂದರೆ "ಹ್ಯಾವ್" ಹೋಗಬೇಕು, ಬರೀ "ಸ್ಟಡೀಡ್" ಸಾಕು.

ಎರಡನೆಯದು "ದಿ". ಇದಕ್ಕೆ ಕನ್ನಡದಲ್ಲಿ ಸಮನಾದ ಪದವೇ ಇಲ್ಲ. ಅಚ್ಚಿನೊಳಗೆ ಅದು ಸರಿಯಾಗೇ ಇರುತ್ತದೆ, ಎಡವುವುದು ನಾವು ತುಂಬುವ ಖಾಲಿ ಜಾಗದಲ್ಲಿ. "ಪ್ರೈಸ್ ಆಫ್ ಕೊಪ್ರಾ ಇನ್ ತಿಪಟೂರು" ಎಂದು ತುಂಬಿ ಮುಂದೆ ಹೋಗುತ್ತಾರೆ. "ಪ್ರೈಸ್"ಗೆ ಮೊದಲು "ದಿ" ಬೇಕು, "ಕೊಪ್ರಾ"ಗೆ ಬೇಡ. ಇದನ್ನು ಫ್ರೇಸ್‌ಬ್ಯಾಂಕ್ ಕಲಿಸುವುದಿಲ್ಲ, ವ್ಯಾಕರಣದ ಅಭ್ಯಾಸ ಬೇರೆಯೇ ಬೇಕು.

ಇನ್ನೊಂದು ದೊಡ್ಡ ಅಪಾಯ: ಅಚ್ಚಿನ ಜೊತೆ ಒಂದು ವಾದವೂ ಬರುತ್ತದೆ. "ಲಿಟಲ್ ಈಸ್ ನೋನ್ ಅಬೌಟ್" (ಇದರ ಬಗ್ಗೆ ಹೆಚ್ಚೇನೂ ತಿಳಿದಿಲ್ಲ) ಚೆಂದ ಕೇಳಿಸುತ್ತದೆಂದು ಪಾವಗಡದ ಅಂತರ್ಜಲದ ಫ್ಲೋರೈಡ್‌ಗೆ ಹಚ್ಚಿದರೆ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಖಂಡಿತ. ಅದರ ಬಗ್ಗೆ ಬೇಕಾದಷ್ಟು ಅಧ್ಯಯನಗಳಿವೆ. ಯಾವ ಹಳ್ಳಿ, ಯಾವ ಅವಧಿ ಬಿಟ್ಟುಹೋಗಿದೆ ಎಂದು ಬಿಡಿಸಿ ಹೇಳಿದರೆ ಮಾತ್ರ ಆ ವಾಕ್ಯ ನಿಲ್ಲುತ್ತದೆ.

ಕೃತಿಚೌರ್ಯದ ಭಯ ಮಾತ್ರ ಬೇಡ. ಈ ಅಚ್ಚುಗಳಲ್ಲಿ ಯಾರ ಸ್ವಂತ ವಿಚಾರವೂ ಇಲ್ಲ. ಯುಜಿಸಿಯ 2018ರ ನಿಯಮಾವಳಿಯೂ ಸತತ 14 ಪದಗಳವರೆಗಿನ ಆಕಸ್ಮಿಕ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಳಸುವ ಕ್ರಮ: ಮೊದಲು ಪ್ಯಾರಾವನ್ನು ನಿಮ್ಮ ಇಂಗ್ಲಿಷಿನಲ್ಲೇ ಬರೆಯಿರಿ. ತಡವರಿಸಿದ ವಾಕ್ಯಕ್ಕೆ ಗೆರೆ ಎಳೆಯಿರಿ, ಅದಕ್ಕಷ್ಟೇ ಅಚ್ಚು ಹುಡುಕಿ. ಒಂದು ಪ್ಯಾರಾಗೆ ಎರಡು ಸಾಕು, ಐದಾರು ತುರುಕಿದರೆ ಓದುವವರಿಗೆ ಬೇಸರ. ಕರ್ತೃ-ಕ್ರಿಯಾಪದವೇ ಇನ್ನೂ ಹೊಂದದ ಮೊದಲ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಇದನ್ನು ಈಗಲೇ ಕೊಡಬೇಡಿ.