ಪಾರ್ಟಿ, ಬಾರ್, ಪಾಳಿ: ಗ್ಲಾಸ್ಗೋದ ಐದು ದಿನದಲ್ಲಿ ನನಗೆ ಜನ ಸಿಕ್ಕಿದ್ದೆಲ್ಲಿ?

ನನ್ನ ಕೊರಳಲ್ಲಿದ್ದ ಬ್ಯಾಡ್ಜಿನ ಮೇಲೆ ‘ಬಿಸಿಬೇಳೆಬಾತ್’ ಎಂದು ಅಚ್ಚಾಗಿತ್ತು. ವೈಜ್ಞಾನಿಕ ಕಥೆಗಳ ಪ್ರಿಯರ ವಿಶ್ವ ಸಮ್ಮೇಳನ ವರ್ಲ್ಡ್‌ಕಾನ್‌ಗೆ ಹೆಸರು ನೋಂದಾಯಿಸುವಾಗ ‘ಬ್ಯಾಡ್ಜ್ ಮೇಲೆ ಯಾವ ಹೆಸರು ಬೇಕು’ ಎಂದು ಬೇರೆಯಾಗಿ ಕೇಳುತ್ತಾರೆ. ಪಾಸ್‌ಪೋರ್ಟಿನ ಹೆಸರೇ ಆಗಬೇಕೆಂದಿಲ್ಲ. ರಾತ್ರಿ ಹನ್ನೊಂದೂವರೆಗೆ ಹಸಿದುಕೊಂಡು ಫಾರಂ ತುಂಬಿಸಿದರೆ ಹೀಗೇ ಆಗುವುದು. ಮನೆಯವರು ನೋಡಿ ನಕ್ಕರು, ‘ಅಲ್ಲಿ ಯಾರಿಗೆ ಅರ್ಥವಾಗುತ್ತೆ?’ ಅಂದರು. ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು. ಐದು ದಿನದಲ್ಲಿ ಕಡಿಮೆಯೆಂದರೂ ಇಪ್ಪತ್ತು ಜನ ‘ಹಾಗಂದ್ರೇನು?’ ಎಂದು ತಾವಾಗಿಯೇ ಮಾತಿಗೆ ಬಂದರು.

ನಾನು ಲೀಡ್ಸ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುವವಳು, ಊರು ಹಾಸನ. ವೈಜ್ಞಾನಿಕ ಕಥೆಗಳ ಹುಚ್ಚು ಹೈಸ್ಕೂಲಿನಿಂದ ಅಂಟಿದ್ದು. ಲೀಡ್ಸ್‌ಗೂ ಈ ಹುಚ್ಚಿಗೂ ಹಳೆಯ ನಂಟಿದೆ. 1937ರ ಜನವರಿ 3ರಂದು ಇಲ್ಲಿನ ಥಿಯಾಸಾಫಿಕಲ್ ಹಾಲ್‌ನಲ್ಲಿ ಬೆರಳೆಣಿಕೆಯ ಓದುಗರು ಸೇರಿ ಬ್ರಿಟನ್ನಿನ ಮೊದಲ ಸೈನ್ಸ್ ಫಿಕ್ಷನ್ ಸಮ್ಮೇಳನ ಮಾಡಿದ್ದರು, ಮುಂದೆ ಹೆಸರಾಂತ ವೈಜ್ಞಾನಿಕ ಕಥೆಗಾರನಾದ ಆರ್ಥರ್ ಸಿ. ಕ್ಲಾರ್ಕ್, ಆಗಿನ್ನೂ ಹತ್ತೊಂಬತ್ತರ ಹುಡುಗ, ಕೂಡ ಅದರಲ್ಲಿದ್ದ. ಆದರೆ ಎಂಟು ವರ್ಷ ಇದೇ ಊರಿನಲ್ಲಿದ್ದರೂ ಈ ವಿಷಯ ಮಾತಾಡಲು ನನಗೆ ಒಬ್ಬರೂ ಇರಲಿಲ್ಲ. ಆಫೀಸಿನಲ್ಲಿ ಫುಟ್ಬಾಲು, ಕನ್ನಡ ಬಳಗದಲ್ಲಿ ಮಕ್ಕಳ ಟ್ಯೂಷನ್ನು. ಹಾಗಾಗಿ 2024ರ ಆಗಸ್ಟ್ 8ರಿಂದ 12ರವರೆಗೆ ವರ್ಲ್ಡ್‌ಕಾನ್ ಗ್ಲಾಸ್ಗೋಗೆ ಬರುತ್ತದೆ ಎಂದಾಗ ಮಗಳನ್ನು ಮನೆಯವರ ಕೈಗೆ ಕೊಟ್ಟು ಒಬ್ಬಳೇ ರೈಲು ಹತ್ತಿದೆ. ಗುರಿ ಇದ್ದದ್ದು ಲೇಖಕರ ಮೇಲಲ್ಲ, ನನ್ನಂಥ ಓದುಗರು ನಾಲ್ಕು ಜನ ಸಿಗಬೇಕು, ಅಷ್ಟೇ.

ವರ್ಲ್ಡ್‌ಕಾನ್ ಎಂದರೆ 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಗಿ, ಮಹಾಯುದ್ಧದ 1942ರಿಂದ 45ರವರೆಗಿನ ನಾಲ್ಕು ವರ್ಷ ಬಿಟ್ಟರೆ ಪ್ರತಿವರ್ಷ ನಡೆದುಕೊಂಡು ಬಂದ ಸಮ್ಮೇಳನ. ಗ್ಲಾಸ್ಗೋಗೆ ಇದು ಮೂರನೇ ಸಲ, ಹಿಂದೆ 1995 ಮತ್ತು 2005ರಲ್ಲಿ ಆಗಿತ್ತು. ಕ್ಲೈಡ್ ನದಿಯ ದಂಡೆಯಲ್ಲಿ, ಆರ್ಮಡಿಲೋ ಎಂದು ಎಲ್ಲರೂ ಕರೆಯುವ ಚಿಪ್ಪು ಚಿಪ್ಪಿನ ಸಭಾಂಗಣ ಇರುವ ಆವರಣ. ದಿನವಿಡೀ ಗೋಷ್ಠಿಗಳು. ಗೋಷ್ಠಿಯಲ್ಲಿ ಎಲ್ಲರ ಮುಖ ವೇದಿಕೆಯ ಕಡೆಗೆ, ಪಕ್ಕದವರ ಪರಿಚಯ ಆಗುವುದಿಲ್ಲ. ಪರಿಚಯಕ್ಕೆಂದೇ ಗೋಷ್ಠಿಯ ಆಚೆ ಬೇರೆ ಬೇರೆ ಕೂಟಗಳಿವೆ. ನಾನು ಐದನ್ನು ಪ್ರಯತ್ನಿಸಿದೆ. ಅಳತೆಗೋಲು ಒಂದೇ ಇಟ್ಟುಕೊಂಡಿದ್ದೆ: ಎಷ್ಟು ಜನರ ಜೊತೆ ಮಾತಾಡಿದೆ ಎಂಬ ಲೆಕ್ಕ ಬೇಡ, ಮಾರನೆಯ ದಿನ ಎದುರಾದಾಗ ಎಷ್ಟು ಜನ ನಿಂತು ಮಾತಾಡಿಸಿದರು?

ಮೊದಲು, ಎಲ್ಲರೂ ಆಸೆಪಡುವ ಟೇಬಲ್ ಮಾತುಕತೆ. ಹಳೆಯ ಹೆಸರು ಕಾಫಿಕ್ಲಾಚ್. ಒಂದು ಮೇಜು, ಒಬ್ಬ ಲೇಖಕಿ, ಸುತ್ತ ಹತ್ತು ಜನ ಓದುಗರು, ಒಂದು ಗಂಟೆ. ಮೊದಲೇ ಹೆಸರು ಬರೆಸಬೇಕು, ಜಾಗ ಬೇಗ ತುಂಬುತ್ತದೆ. ನನಗೆ ಮೊದಲ ಎರಡಕ್ಕೆ ಸಿಗಲಿಲ್ಲ, ಮೂರನೆಯದಕ್ಕೆ ಸಿಕ್ಕಿತು. ಮಾತು ಚೆನ್ನಾಗಿತ್ತು, ಪುಸ್ತಕದ ಕೊನೆಯ ಅಧ್ಯಾಯವನ್ನು ಆಕೆ ಮೂರು ಸಲ ಹರಿದು ಬರೆದ ಕಥೆ ಕೇಳಿದೆ. ಆದರೆ ಗರ್ಭಗುಡಿಯ ಮುಂದೆ ನಿಂತ ಭಕ್ತರು ಪಕ್ಕದವರ ಮುಖ ನೋಡುತ್ತಾರೆಯೇ? ಹತ್ತು ಜನರೂ ಆಕೆಯನ್ನೇ ನೋಡುತ್ತಿದ್ದೆವು. ಗಂಟೆ ಮುಗಿದ ತಕ್ಷಣ ಮುಂದಿನ ತಂಡ ಬಂದು ಕುರ್ಚಿ ಎಳೆದುಕೊಂಡಿತು, ನಾವು ಹತ್ತು ದಿಕ್ಕಿಗೆ ಹೋದೆವು. ಮಾರನೆಯ ದಿನ ಗುರುತು ಹಿಡಿದವರು ಸೊನ್ನೆ. ಲೇಖಕರನ್ನು ಹತ್ತಿರದಿಂದ ಕಾಣಬೇಕಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ, ಸ್ನೇಹಿತರು ಬೇಕಿದ್ದರೆ ದಂಡ.

ರಾತ್ರಿಯ ಪಾರ್ಟಿಗಳ ಲೆಕ್ಕವೇ ಬೇರೆ. ವರ್ಲ್ಡ್‌ಕಾನ್ ಎಲ್ಲಿ ನಡೆಯಬೇಕೆಂದು ಎರಡು ವರ್ಷ ಮುಂಚೆಯೇ ಸದಸ್ಯರು ಮತ ಹಾಕಿ ತೀರ್ಮಾನಿಸುತ್ತಾರೆ. 2026ರ ಲಾಸ್ ಏಂಜಲೀಸ್ ಸಮ್ಮೇಳನ ಹೀಗೆ ಗ್ಲಾಸ್ಗೋದಲ್ಲೇ ಇತ್ಯರ್ಥವಾಯಿತು, 2027ಕ್ಕೆ ಮಾಂಟ್ರಿಯಲ್‌ನವರು ಆಗಲೇ ಓಡಾಡುತ್ತಿದ್ದರು. ನಮ್ಮೂರಿಗೆ ಬನ್ನಿ ಎಂದು ಕರೆಯಲು ಇಂಥ ಊರಿನವರು ಪಾರ್ಟಿ ಕೊಡುವುದು ಹಳೆಯ ಪದ್ಧತಿ. ಪಂಚಾಯ್ತಿ ಎಲೆಕ್ಷನ್ ನೋಡಿದ ನಮಗೆ ಇದರಲ್ಲಿ ಹೊಸದೇನಿಲ್ಲ, ಬಾಡೂಟದ ಬದಲು ಚಾಕಲೇಟು, ಚಿಪ್ಸು.

ಶುಕ್ರವಾರ ರಾತ್ರಿ ಮೂರು ಪಾರ್ಟಿ ಸುತ್ತಿದೆ. ಗಲಾಟೆಯಲ್ಲಿ ಕಿವಿಗೆ ಬಾಯಿ ಇಟ್ಟು ಕೂಗಬೇಕು. ನಾನು ಕುಡಿಯುವವಳಲ್ಲ, ಕೈಯಲ್ಲಿ ಕಿತ್ತಳೆ ರಸ ಹಿಡಿದು ಗೋಡೆಗೆ ಆತು ನಿಂತಿದ್ದೆ. ಎಲ್ಲಿಂದ ಬಂದೆ, ಏನು ಓದ್ತೀಯ, ಮೊದಲ ಸಲವಾ. ಇದೇ ಮೂರು ಪ್ರಶ್ನೆ, ನಾಲ್ಕನೆಯದಕ್ಕೆ ಮುಂಚೆ ಯಾರೋ ಬಂದು ಅವರ ಹೆಗಲು ತಟ್ಟುತ್ತಾರೆ. ನಮ್ಮ ಮದುವೆ ರಿಸೆಪ್ಷನ್ನಿನ ಸಾಲಿನ ಹಾಗೆ, ನಗು, ಫೋಟೋ, ಮುಂದಕ್ಕೆ. ಹದಿನಾಲ್ಕು ಜನರ ಜೊತೆ ಮಾತಾಡಿದೆ, ಎಣಿಸಿದ್ದೇನೆ. ಮಾರನೆಯ ದಿನ ಗುರುತಿಸಿದ್ದು ಒಬ್ಬರು, ಅದೂ ‘ಬಿಸಿ!’ ಎಂದು ಬ್ಯಾಡ್ಜ್ ನೆನಪಿಟ್ಟುಕೊಂಡು.

ಪಾರ್ಟಿಯಿಂದ ಬಂದ ನಿಜವಾದ ಲಾಭವೆಂದರೆ ರಿಬ್ಬನ್. ಬ್ಯಾಡ್ಜಿನ ಕೆಳಗೆ ಅಂಟಿಸಿಕೊಳ್ಳಲು ಬಣ್ಣಬಣ್ಣದ ಪಟ್ಟಿ, ಒಂದೊಂದರ ಮೇಲೂ ಒಂದೊಂದು ತಮಾಷೆಯ ಸಾಲು. ಒಂದರ ಕೆಳಗೊಂದು ಅಂಟಿಸುತ್ತಾ ಹೋಗಿ ಮೊಣಕಾಲು ಮುಟ್ಟಿಸಿಕೊಂಡವರನ್ನೂ ನೋಡಿದೆ. ‘ಇದು ಎಲ್ಲಿ ಸಿಕ್ತು?’ ಎಂದು ಕೇಳಿದರೆ ಸಾಕು, ಐದು ನಿಮಿಷದ ಮಾತಿಗೆ ದಾರಿ. ನನ್ನಂಥ ಸಂಕೋಚದವರಿಗೆ ಹೇಳುತ್ತೇನೆ, ಪಾರ್ಟಿಗೆ ಹತ್ತು ನಿಮಿಷ ಹೋಗಿ, ರಿಬ್ಬನ್ ಇಸಿದುಕೊಂಡು ಹೊರಗೆ ಬನ್ನಿ.

ಬೆಂಗಳೂರಿನಲ್ಲಿದ್ದಾಗ ವೈಟ್‌ಫೀಲ್ಡಿನ ಕೆಟಿಪಿಓ ಪ್ರದರ್ಶನಾಂಗಣದಲ್ಲಿ ನಡೆದ ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಪ್ರಿಯರ ಮೇಳಕ್ಕೆ ತಮ್ಮನ ಜೊತೆ ಹೋಗಿದ್ದೆ. ಅಲ್ಲಿ ಈ ರಿಬ್ಬನ್ ಮಾಡುವ ಕೆಲಸವನ್ನು ವೇಷ ಮಾಡುತ್ತಿತ್ತು. ತಮ್ಮ ರಟ್ಟಿನ ಕವಚ ತೊಟ್ಟುಕೊಂಡು ನಿಂತಿದ್ದ, ಯಾರ್ಯಾರೋ ಬಂದು ‘ಬ್ರೋ, ಒಂದು ಫೋಟೋ’ ಎಂದು, ಅಂಟು ಯಾವುದು ಹಾಕಿದೆ, ಬಣ್ಣ ಎಲ್ಲಿ ತಂದೆ ಎಂದು ಅರ್ಧ ಗಂಟೆ ನಿಲ್ಲುತ್ತಿದ್ದರು. ಮಾಮೂಲಿ ಚೂಡಿದಾರದಲ್ಲಿದ್ದ ನನ್ನನ್ನು ಆ ದಿನ ಮಾತಾಡಿಸಿದ್ದು ನೀರಿನ ಬಾಟಲಿ ಮಾರುವವನು ಮಾತ್ರ.

ಇನ್ನು ಬಾರ್. ಹಳಬರನ್ನು ಕೇಳಿದರೆ ‘ಅಸಲಿ ಸಮ್ಮೇಳನ ನಡೆಯುವುದೇ ಹೋಟೆಲ್ ಬಾರಿನಲ್ಲಿ’ ಎನ್ನುತ್ತಾರೆ. ಗುರುವಾರ ರಾತ್ರಿ ಒಬ್ಬಳೇ ಹೋದೆ. ಪ್ರತಿ ಮೇಜಿನಲ್ಲೂ ಇಪ್ಪತ್ತು ಮೂವತ್ತು ವರ್ಷದ ಸ್ನೇಹಿತರು, 1995ರಲ್ಲಿ ಇದೇ ಊರಿನಲ್ಲಿ ಯಾರು ಯಾವ ರೈಲು ತಪ್ಪಿಸಿಕೊಂಡರು ಎಂಬ ಮಾತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಆದರೆ ಹೊಸ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಹಾಗೆ ಒಂದು ಗಂಟೆ ನಿಂತು ರೂಮಿಗೆ ವಾಪಸ್ಸಾದೆ. ಅಂದು ರಾತ್ರಿ ಮನೆಗೆ ಫೋನು ಮಾಡಿ ‘ದುಡ್ಡು ದಂಡ’ ಎಂದು ಅತ್ತೂ ಬಿಟ್ಟಿದ್ದೆ.

ಶನಿವಾರ ಅದೇ ಬಾರಿಗೆ ಹೋದಾಗ ಬೇರೆಯದೇ ಕಥೆ. ಕಾರಣ ಬಾರಿನಲ್ಲಿಲ್ಲ, ಲಂಡನ್ನಿನ ಒಂದು ಪಬ್ಬಿನಲ್ಲಿದೆ. ಲಂಡನ್ನಿನಲ್ಲಿ ಸೈನ್ಸ್ ಫಿಕ್ಷನ್ ಮಂದಿ ಗುರುವಾರ ಪಬ್ಬಿನಲ್ಲಿ ಸೇರುವ ರೂಢಿ ಯುದ್ಧ ಮುಗಿದ ಕಾಲದ್ದು, ಈಗ ಸೇರುವುದು ತಿಂಗಳ ಮೊದಲ ಗುರುವಾರ. ಆಗ ಸೇರುತ್ತಿದ್ದದ್ದು ಫೆಟರ್ ಲೇನಿನ ವೈಟ್ ಹಾರ್ಸ್‌ನಲ್ಲಿ, ಕ್ಲಾರ್ಕ್ ತಮ್ಮ ಪಬ್ ಕಥೆಗಳಿಗೆ ಅದನ್ನೇ ಹೆಸರು ಬದಲಿಸಿ ಬಳಸಿಕೊಂಡರು. ಆಮೇಲೆ ಪಬ್ಬುಗಳು ಬದಲಾದವು, ಗುರುವಾರ ಬದಲಾಗಲಿಲ್ಲ. ಸಮ್ಮೇಳನಕ್ಕೆ ಸರಿಯಾಗಿ ಒಂದು ವಾರ ಮುಂಚೆ, ಆಗಸ್ಟ್ 1ರಂದು, ಆಫೀಸಿನ ಕೆಲಸಕ್ಕೆ ಲಂಡನ್ನಿಗೆ ಹೋದವಳು ಸಂಜೆ ಅಲ್ಲಿಗೂ ಹೋಗಿದ್ದೆ. ಇದ್ದದ್ದು ಸ್ವಲ್ಪ ಜನ. ಹೊಸಬಳು ಬಂದರೆ ಗಮನಕ್ಕೆ ಬರುವಷ್ಟು ಸ್ವಲ್ಪ. ಒಬ್ಬ ನಿವೃತ್ತ ಮೇಷ್ಟ್ರು, ಅಪ್ಪನ ವಯಸ್ಸಿನವರು, ತಾವಾಗಿಯೇ ಕುರ್ಚಿ ಸರಿಸಿ ಕೂರಿಸಿ, ಉಳಿದವರಿಗೆಲ್ಲ ಪರಿಚಯ ಮಾಡಿಸಿದರು. ಅವರೇ ಶನಿವಾರ ಬಾರಿನ ಮೂಲೆಯಿಂದ ಕೈಬೀಸಿದ್ದು. ಎರಡು ರಾತ್ರಿ ಹಿಂದೆ ಕೋಟೆ ಗೋಡೆಯ ಹಾಗಿದ್ದ ಮೇಜಿಗೆ ಈಗ ಬಾಗಿಲು ಬಂತು. ಅಂದು ಒಂದೂವರೆಯವರೆಗೆ ಕೂತಿದ್ದೆವು, ಮಾರನೆಯ ದಿನ ಆ ಮೇಜಿನ ಮೂವರು ದಾರಿಯಲ್ಲಿ ನಿಂತು ಮಾತಾಡಿಸಿದರು. ಬಾರ್ ಕೆಟ್ಟದಲ್ಲ, ಆದರೆ ಒಬ್ಬರಾದರೂ ಗುರುತಿದ್ದವರಿಗೆ ಮಾತ್ರ. ಸಣ್ಣ ಕೂಟಕ್ಕೆ ಮೊದಲು ಹೋಗಿ ಬಾರಿಗೆ ಆಮೇಲೆ ಹೋಗುವುದು ಸರಿ.

ಹಾಡಿನ ವೃತ್ತದ ಬಗ್ಗೆಯೂ ಹೇಳಬೇಕು. ಇದನ್ನು ‘ಫಿಲ್ಕ್’ ಎನ್ನುತ್ತಾರೆ. 1950ರ ದಶಕದಲ್ಲಿ ಒಂದು ಲೇಖನದಲ್ಲಿ ‘ಫೋಕ್’ ಎನ್ನುವುದು ತಪ್ಪಾಗಿ ‘ಫಿಲ್ಕ್’ ಎಂದು ಟೈಪಾಯಿತು, ಅದೇ ಹೆಸರು ನಿಂತಿತು. ರಾಕೆಟ್ಟು, ಡ್ರ್ಯಾಗನ್ನುಗಳ ಮೇಲೆ ಕಟ್ಟಿದ ಹಾಡುಗಳು. ಎಲ್ಲರೂ ಗುಂಡಾಗಿ ಕೂರುತ್ತಾರೆ, ಸರದಿ ಬಂದಾಗ ಮೂರರಲ್ಲಿ ಒಂದು ಆರಿಸಬಹುದು: ಹಾಡಿ, ಬೇರೆಯವರಿಗೆ ಹಾಡಲು ಹೇಳಿ, ಇಲ್ಲವೇ ನನಗೆ ಬೇಡ ಎಂದು ಮುಂದಕ್ಕೆ ದಾಟಿಸಿ. ಸಂಕೋಚದವರಿಗೆ ಇಷ್ಟು ಮರ್ಯಾದೆ ಕೊಡುವ ಕೂಟವನ್ನು ನಾನು ಬೇರೆಲ್ಲೂ ನೋಡಿಲ್ಲ. ಮೊದಲ ಎರಡು ಸರದಿ ದಾಟಿಸಿದೆ. ಮೂರನೆಯದಕ್ಕೆ ಏನು ಬಂತೋ, ಅಜ್ಜಿ ಹೇಳುತ್ತಿದ್ದ ಒಂದು ಸೋಬಾನೆ ಪದ ಹಾಡಿಬಿಟ್ಟೆ. ಒಂದಕ್ಷರ ತಿಳಿಯದ ಜನ ಎರಡನೇ ಸಾಲಿನಿಂದ ‘ಸೋ’ ಎಂದು ದನಿಗೂಡಿಸಿದರು. ಮಾರನೆಯ ದಿನ ಮಾತಾಡಿಸಿದವರು ನಾಲ್ಕು. ಕೊರತೆಯೆಂದರೆ ಅಪರಾತ್ರಿಯ ವ್ಯವಹಾರ. ಮತ್ತೆ ಅವರ ಮಾತು ಬಹುಪಾಲು ಹಾಡಿನ ಸುತ್ತಲೇ, ಪುಸ್ತಕಕ್ಕೆ ಬರುವುದು ಅಪರೂಪ.

ಕೊನೆಯದು ಪಾಳಿ. ವರ್ಲ್ಡ್‌ಕಾನ್ ನಡೆಸುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು, ಅಲ್ಲಿಗೇ ಬಂದು ‘ನಾಲ್ಕು ಗಂಟೆ ಬಿಡುವಿದೆ’ ಎಂದರೂ ಕೆಲಸ ಕೊಡುತ್ತಾರೆ. ಬ್ರಿಟನ್ನಿನ ಸಮ್ಮೇಳನಗಳಲ್ಲಿ ದುಡಿದವರಿಗೆ ‘ಗ್ರೋಟ್’ ಎಂಬ ಚೀಟಿ ಕೊಡುವ ರೂಢಿಯಿದೆ, ಹೆಸರು ನಾಲ್ಕು ಪೆನ್ನಿಯ ಹಳೇ ನಾಣ್ಯದ್ದು, ತಿಂಡಿ ಕಾಫಿಗೆ ಆಗುತ್ತದೆ. ಗುರುವಾರ ಅತ್ತಿದ್ದೆನಲ್ಲ, ಶುಕ್ರವಾರ ಬೆಳಿಗ್ಗೆ ‘ಸುಮ್ಮನೆ ನಿಲ್ಲುವ ಬದಲು’ ಎಂದು ಹೋಗಿ ಹೆಸರು ಕೊಟ್ಟೆ. ಒಂದು ಕೋಣೆಯ ಬಾಗಿಲಲ್ಲಿ ಸಾಲು ನೋಡಿಕೊಳ್ಳುವ ಕೆಲಸ. ಜೊತೆಗೆ ಫಿನ್ಲೆಂಡಿನ ಒಬ್ಬಾಕೆ, ಲೈಬ್ರರಿಯನ್.

ಒಳಗೆ ಗೋಷ್ಠಿ ನಡೆಯುವಾಗ ಮುಕ್ಕಾಲು ಗಂಟೆ ನಮಗೆ ಕೆಲಸವಿಲ್ಲ, ಬಾಗಿಲು ಬಿಟ್ಟು ಹೋಗುವಂತೆಯೂ ಇಲ್ಲ. ಮುಖಾಮುಖಿ ಕೂತು ‘ಈಗ ಪರಿಚಯ ಮಾಡಿಕೊಳ್ಳೋಣ’ ಎನ್ನುವ ಬಿಗಿ ಇಲ್ಲ, ಇಬ್ಬರೂ ಪಕ್ಕಪಕ್ಕ ನಿಂತು ಎದುರಿನ ಗೋಡೆ ನೋಡುತ್ತಾ ಮಾತು. ಮಾತು ನಿಂತರೆ ಸಾಲು ಸರಿಮಾಡಬಹುದು, ಮತ್ತೆ ಶುರುಮಾಡಬಹುದು. ಆಕೆ ಊರಿನ ಚಳಿಗಾಲದಲ್ಲಿ ಮಕ್ಕಳಿಗೆ ಯಾವ ಕಥೆ ಓದಿ ಹೇಳುತ್ತಾಳೆ, ನಾನು ಹಾಸನದ ಜಿಲ್ಲಾ ಗ್ರಂಥಾಲಯದಲ್ಲಿ ಹೇಗೆ ಒಂದೇ ಪುಸ್ತಕ ಏಳು ಸಲ ತಂದೆ, ಇಂಥವೆಲ್ಲ ಬಂದವು. ಸಾಲಿನಲ್ಲಿ ನಿಂತವರೂ ಮಾತಾಡಿಸುತ್ತಿದ್ದರು. ಸಮವಸ್ತ್ರದ ಅಂಗಿ ಹಾಕಿದವಳನ್ನು ಮಾತಾಡಿಸಲು ಯಾರಿಗೂ ಸಂಕೋಚವಿಲ್ಲ, ಟಾಯ್ಲೆಟ್ ಎಲ್ಲಿ ಎಂಬಲ್ಲಿಂದ ಶುರುವಾಗಿ ನಿಮ್ಮ ಬ್ಯಾಡ್ಜ್ ಏನು ಎಂಬಲ್ಲಿಗೆ ಬರುತ್ತದೆ.

ಆ ಮಧ್ಯಾಹ್ನ ಅಪ್ಪನಿಗೆ ಫೋನು ಮಾಡಿದೆ. 1996ರಲ್ಲಿ ಹಾಸನದಲ್ಲಿ ಸಾಹಿತ್ಯ ಸಮ್ಮೇಳನ ಆದಾಗ ನಾನು ಮೂರನೇ ಕ್ಲಾಸು, ಅಪ್ಪ ಹೈಸ್ಕೂಲ್ ಮೇಷ್ಟ್ರು. ಆ ಸಮ್ಮೇಳನದಲ್ಲಿ ಸಿಕ್ಕ ಧಾರವಾಡದ, ಪುತ್ತೂರಿನ ಸ್ನೇಹಿತರು ಇವತ್ತಿಗೂ ಹಬ್ಬಕ್ಕೆ ಫೋನು ಮಾಡುತ್ತಾರೆ. ‘ಅಪ್ಪಾ, ಅವರೆಲ್ಲ ನಿಮಗೆ ಯಾವ ಗೋಷ್ಠಿಯಲ್ಲಿ ಸಿಕ್ಕಿದ್ದು?’ ಎಂದೆ. ‘ಗೋಷ್ಠಿಗೆ ಹೋಗೋಕೆ ಎಲ್ಲಮ್ಮ ಬಿಟ್ರು? ನನ್ನನ್ನ ಊಟದ ಕೌಂಟರಿಗೆ ಹಾಕಿದ್ರು. ಮೂರು ದಿನ ಪಲ್ಯ ಬಡಿಸಿದೀನಿ. ಅವರೂ ಅಲ್ಲೇ ಸಾರಿನ ಬಕೆಟ್ ಹಿಡಿದಿದ್ರು’ ಎಂದರು. ಆಮೇಲೆ, ‘ಅಲ್ಲಿ ಊಟಕ್ಕೆ ಏನ್ ಮಾಡಿದಾರೆ?’ ಎಂದರು. ಆಲೂಗಡ್ಡೆ ಎಂದೆ.

ಪಾಳಿಗೂ ಕೊರತೆಗಳಿವೆ. ಬಹಳ ಆಸೆಯಿಂದ ಗುರುತು ಹಾಕಿಕೊಂಡಿದ್ದ ಒಂದು ಗೋಷ್ಠಿಯ ಬಾಗಿಲು ಕಾದೆನೇ ಹೊರತು ಒಳಗೆ ಹೋಗಲಾಗಲಿಲ್ಲ. ನಾಲ್ಕು ಗಂಟೆ ನಿಂತು ಹಿಮ್ಮಡಿ ಹಿಡಿದುಕೊಂಡಿತು. ನಿಲ್ಲಲಾಗದವರು ಕೂತು ಮಾಡುವ ಕೆಲಸ ಕೇಳಿ ಪಡೆಯುವುದು ಒಳ್ಳೆಯದು. ಜೊತೆಗಾರರು ಯಾರು ಬೀಳುತ್ತಾರೆ ಎಂಬುದು ಅದೃಷ್ಟ, ಭಾನುವಾರದ ಪಾಳಿಯಲ್ಲಿ ನನ್ನ ಜೊತೆಗಿದ್ದ ಹುಡುಗ ಫೋನಿನಿಂದ ತಲೆಯೆತ್ತಲಿಲ್ಲ. ಆದರೂ ಎರಡು ಪಾಳಿಯಿಂದ ಮಾರನೆಯ ದಿನ ನಿಂತು ಮಾತಾಡಿಸಿದವರು ಒಂಬತ್ತು ಜನ.

ಸೋಮವಾರ ರಾತ್ರಿ ಎಲ್ಲ ಮುಗಿದ ಮೇಲೆ ಉಳಿದವರು ಸೇರುವ ಕೂಟಕ್ಕೆ ‘ಡೆಡ್ ಡಾಗ್’ ಪಾರ್ಟಿ ಎನ್ನುತ್ತಾರೆ. ಎಲ್ಲರೂ ಸುಸ್ತು, ಗಂಟಲು ಹೋಗಿದೆ, ಯಾರಿಗೂ ಯಾರನ್ನೂ ಮೆಚ್ಚಿಸುವ ತ್ರಾಣವಿಲ್ಲ. ಇದನ್ನು ಲೆಕ್ಕಕ್ಕೆ ಹಾಕುವುದು ಕಷ್ಟ, ಮಾರನೆಯ ದಿನ ಎಂಬುದೇ ಇಲ್ಲವಲ್ಲ. ಲೈಬ್ರರಿಯನ್, ಮೇಷ್ಟ್ರು, ಫಿಲ್ಕಿನ ಇಬ್ಬರು ಹೆಂಗಸರು, ನಾನು, ಒಂದೇ ಮೇಜು. ಬೇಳೆ ಎಷ್ಟು, ಅಕ್ಕಿ ಎಷ್ಟು, ಹುಣಸೆ ಹಣ್ಣು ಎಲ್ಲಿ ಸಿಗುತ್ತದೆ ಎಂದು ಪೇಪರ್ ನ್ಯಾಪ್ಕಿನ್ ಮೇಲೆ ಬರೆದುಕೊಟ್ಟೆ.

ಅಕ್ಟೋಬರಿನಲ್ಲಿ ಫಿನ್ಲೆಂಡಿನಿಂದ ಫೋಟೋ ಬಂತು. ಸ್ವಲ್ಪ ಗಟ್ಟಿಯಾಗಿತ್ತು, ಬಣ್ಣವೂ ಕಮ್ಮಿ. ತುಪ್ಪ ಹಾಕು ಎಂದು ಬರೆದೆ. 2025ರ ಏಪ್ರಿಲ್‌ನಲ್ಲಿ ಬೆಲ್‌ಫಾಸ್ಟಿನಲ್ಲಿ ಈಸ್ಟರ್‌ಕಾನ್, ಅಂದರೆ ಬ್ರಿಟನ್ನಿನ ಇಂಥದೇ ವಾರ್ಷಿಕ ಸಮ್ಮೇಳನ, ಇದೆ ಎಂದು ಆಕೆಯೇ ತಿಳಿಸಿದಳು. ಟಿಕೆಟ್‌ಗೆ ಮುಂಚೆ ಪಾಳಿಗೆ ಹೆಸರು ಕೊಟ್ಟೆವು, ಇಬ್ಬರನ್ನೂ ಒಂದೇ ಬಾಗಿಲಿಗೆ ಹಾಕಿ ಎಂದು ಕೆಳಗೆ ಒಂದು ಸಾಲು ಸೇರಿಸಿ.