ಒಂಬತ್ತು ಪಿನ್ ಕೂರುತ್ತೆ ಅಂತ ಯುಪಿಎಸ್‌ಗೆ ಸಿಕ್ಕ ಕೇಬಲ್ ಚುಚ್ಚಬೇಡಿ

ಸರ್ವರ್ ನೋಡಿಕೊಳ್ಳುವವರು, ಅಂಗಡಿಯಲ್ಲಿ ಬಿಲ್ಲಿಂಗ್ ಕಂಪ್ಯೂಟರ್‌ಗೆ ದೊಡ್ಡ ಯುಪಿಎಸ್ ಇಟ್ಟುಕೊಂಡಿರುವವರು ದಯವಿಟ್ಟು ಓದಿ.

ನಮ್ಮ ಆಫೀಸಿನ ಹಳೆಯ ಯುಪಿಎಸ್‌ಗೆ ಬ್ಯಾಟರಿ ಬದಲಿಸಲು ಬಂದವರು, ಕರೆಂಟ್ ಹೋದಾಗ ಸರ್ವರ್ ತಾನಾಗಿ ಶಟ್‌ಡೌನ್ ಆಗುವ ಹಾಗೆ ಅದರ ಹಿಂಬದಿಯ ಸೀರಿಯಲ್ ಪೋರ್ಟ್‌ಗೂ (ಕಂಪ್ಯೂಟರ್ ಜೊತೆ ಮಾತಾಡುವ ಒಂಬತ್ತು ಪಿನ್ ಸಾಕೆಟ್) ಕೇಬಲ್ ಹಾಕಿಕೊಡುತ್ತೇವೆ ಅಂದರು. ಬ್ಯಾಗಿನಿಂದ ಮಾಮೂಲಿ ಒಂಬತ್ತು ಪಿನ್ ಕೇಬಲ್ ತೆಗೆದರು. ‘ಎಲ್ಲಾ ಒಂದೇ ಸರ್, ಇದೇ ಆಗುತ್ತೆ’ ಅಂತ ಚುಚ್ಚಿದರು. ಒಳಗೆ ಟಕ್ ಅಂತ ರಿಲೇ ಸದ್ದು, ಹಿಂದೆಯೇ ಸರ್ವರ್ ಫ್ಯಾನ್‌ಗಳೆಲ್ಲ ನಿಂತವು. ಕರೆಂಟ್ ಇತ್ತು, ಬ್ಯಾಟರಿ ಹೊಸದು, ಆದರೂ ಯುಪಿಎಸ್ ಆಫ್. ಅಕೌಂಟ್ಸ್‌ನವರು ಎಂಟ್ರಿ ಹೊಡೆಯುತ್ತಿದ್ದಾಗಲೇ ಡೇಟಾಬೇಸ್ ಕೆಟ್ಟಿತು, ಹಿಂದಿನ ರಾತ್ರಿಯ ಬ್ಯಾಕಪ್ ಹಾಕಿ ಆ ದಿನದ ಬಿಲ್‌ಗಳನ್ನೆಲ್ಲ ಮತ್ತೆ ಹೊಡೆಯಬೇಕಾಯಿತು.

ಕೇಬಲ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಪಿನ್‌ಗಳಲ್ಲಿ.

ಸೀರಿಯಲ್ ಪೋರ್ಟ್‌ಗೆ ಇರುವ ಆರ್‌ಎಸ್-232 ಅನ್ನೋ ನಿಯಮ ಬಂದಿದ್ದು 1960ರಲ್ಲಿ, ಟರ್ಮಿನಲ್‌ಗೂ ಮೋಡೆಮ್‌ಗೂ ಮಾತಾಡಿಸಲು. ಬಹುಕಾಲ 25 ಪಿನ್ ಕನೆಕ್ಟರೇ ನಡೆಯಿತು. 1984ರ ಐಬಿಎಂ ಪಿಸಿ ಎಟಿಯಲ್ಲಿ ಜಾಗ ಉಳಿಸಲು 9 ಪಿನ್ ಬಂತು, ನಂಬರ್‌ಗಳೂ ಬದಲಾದವು. 25 ಪಿನ್‌ನಲ್ಲಿ ಕಂಪ್ಯೂಟರ್ ಕಳಿಸೋದು 2ರಲ್ಲಿ, ತಗೊಳ್ಳೋದು 3ರಲ್ಲಿ, ಗ್ರೌಂಡ್ 7. ಒಂಬತ್ತರಲ್ಲಿ ಕಳಿಸೋದು 3, ತಗೊಳ್ಳೋದು 2, ಗ್ರೌಂಡ್ 5. ಗೊಂದಲವೇ, ಆದರೆ ಅದಕ್ಕೊಂದು ನಿಯಮವಾದರೂ ಇದೆ ಅಲ್ವಾ? ನಮ್ಮ ಯುಪಿಎಸ್ ಅದನ್ನೂ ಪಾಲಿಸಿಲ್ಲ. ಸಾಕೆಟ್ ಮಾತ್ರ ಅದೇ. ಮ್ಯಾನ್ಯುಯಲ್ ಹುಡುಕಿ ನೋಡಿದರೆ ಗ್ರೌಂಡ್ ಇರೋದು 9ರಲ್ಲಿ, ಡೇಟಾ ತಗೊಳ್ಳೋದು 1ರಲ್ಲಿ, ಮತ್ತೆ ಒಂದು ಪಿನ್‌ಗೆ ವೋಲ್ಟೇಜ್ ಬಂದರೆ ‘ಆಫ್ ಆಗು’ ಅಂತ ಅರ್ಥ. ಕಂಪ್ಯೂಟರ್‌ನ ಸೀರಿಯಲ್ ಪೋರ್ಟ್ ಏನೂ ಕಳಿಸದೆ ಸುಮ್ನೆ ಇದ್ದಾಗಲೂ ಅದರ ಪಿನ್‌ಗಳಲ್ಲಿ ವೋಲ್ಟೇಜ್ ಇರುತ್ತೆ. ಹಾಗಾಗಿ ಯಾವ ಸಾಫ್ಟ್‌ವೇರೂ ಬೇಡ, ಮಾಮೂಲಿ ಕೇಬಲ್ ಚುಚ್ಚಿದರೆ ಸಾಕು, ಯುಪಿಎಸ್ ಆಫ್ ಆಗುತ್ತೆ.

ಇದು ತಯಾರಕರ ತಪ್ಪು ಅಂತಲೇ ನಾನು ಹೇಳೋದು. ಬೇರೆ ವೈರಿಂಗ್ ಬೇಕಿದ್ದರೆ ಬೇರೆ ಆಕಾರದ ಸಾಕೆಟ್ ಕೊಡಬೇಕಿತ್ತು, ಕಡೇಪಕ್ಷ ಪೋರ್ಟ್ ಪಕ್ಕ ಒಂದು ಸ್ಟಿಕ್ಕರ್. ಎರಡೂ ಇಲ್ಲ. ಇಂಥ ಯುಪಿಎಸ್‌ಗೆ ಅದೇ ಮಾಡೆಲ್‌ಗೆ ಅಂತ ಬರುವ ಕೇಬಲ್ ಮಾತ್ರ ಹಾಕಿ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಆ ಕೇಬಲ್ ಕೇಳಿ ತಗೊಳ್ಳಿ.

ಬೇರೆ ಯಂತ್ರಗಳಿಗೆ, ಅಂದರೆ ತೂಕದ ಮೆಷಿನ್, ಹಳೆಯ ಪ್ರಿಂಟರ್, ಇಂಥವಕ್ಕೆ, ಮಲ್ಟಿಮೀಟರ್ ಇದ್ದರೆ ಒಂದು ಪರೀಕ್ಷೆ ಮಾಡಬಹುದು. ಮೀಟರ್‌ನ ಕಪ್ಪು ತಂತಿ ಒಂಬತ್ತು ಪಿನ್ ಪೋರ್ಟ್‌ನ 5ಕ್ಕೆ, ಕೆಂಪು ತಂತಿ 3ಕ್ಕೆ ಇಡಿ. ಮೈನಸ್ 5ರಿಂದ ಮೈನಸ್ 12 ವೋಲ್ಟ್ ತೋರಿಸಿದರೆ ಅದು ಕಂಪ್ಯೂಟರ್ ಥರದ ಪೋರ್ಟ್. ಅದೇ ವೋಲ್ಟೇಜ್ 2ರಲ್ಲಿ ಬಂದರೆ ಮೋಡೆಮ್ ಥರದ್ದು. ಜೋಡಿಸಬೇಕಾದ ಎರಡು ಯಂತ್ರಗಳಲ್ಲೂ 3ರಲ್ಲೇ ಬಂದರೆ ಕ್ರಾಸ್ ಕೇಬಲ್ (2, 3ನ್ನು ಅದಲು ಬದಲು ಮಾಡಿದ್ದು) ಬೇಕು. 2, 3 ಎರಡು ಪಿನ್‌ಗಳಲ್ಲೂ ಏನೂ ತೋರಿಸದಿದ್ದರೆ ಅಲ್ಲೇ ನಿಲ್ಲಿಸಿ, ಮ್ಯಾನ್ಯುಯಲ್ ತೆಗೆಯಿರಿ. 3.3 ವೋಲ್ಟ್‌ನ ಚಿಕ್ಕ ಬೋರ್ಡ್‌ಗಳಿಗಂತೂ ಈ ಪೋರ್ಟ್ ನೇರವಾಗಿ ಕೊಡಲೇಬೇಡಿ, ಚಿಪ್ ಸುಟ್ಟುಹೋಗಬಹುದು.

ಮತ್ತೆ ಯಾರಾದರೂ ನಿಮ್ಮ ಯುಪಿಎಸ್ ಹಿಂದೆ ಕೇಬಲ್ ಹಿಡಿದು ನಿಂತರೆ, ಮೊದಲು ಸರ್ವರ್‌ಗಳನ್ನು ಸರಿಯಾಗಿ ಶಟ್‌ಡೌನ್ ಮಾಡಿಸಿ, ಆಮೇಲೆ ಚುಚ್ಚಲು ಬಿಡಿ.