ಮೂರು ವರ್ಷದ ಷವರ್ ಜೆಲ್: ಅದೇ ಜೆಲ್, ಮೊದಲು ಒಣಗಿದ ಚರ್ಮ, ಆಮೇಲೆ ಮೆತ್ತಗಾದ ಚರ್ಮ

ಮೊಣಕಾಲಿನ ಕೆಳಗೆ ಉಗುರಿನಿಂದ ಸುಮ್ನೆ ಒಂದು ಗೆರೆ ಎಳೆದರೆ ಸಾಕು, ಬಿಳಿ ಗೀಟು ಮೂಡುತ್ತಿತ್ತು. ಷವರ್ ಜೆಲ್ ಬಳಸಲು ಶುರು ಮಾಡಿ ಎಂಟು ತಿಂಗಳಾದಾಗ ನನ್ನ ಚರ್ಮ ಹೀಗಿತ್ತು. ರಾತ್ರಿ ಮಲಗಿದರೆ ಮೀನಖಂಡದಲ್ಲಿ ನವೆ. ಸ್ನಾನ ಮುಗಿಸಿ ಬಂದ ಹತ್ತು ನಿಮಿಷಕ್ಕೆ ಮೈಯೆಲ್ಲ ಬಿಗಿದು ಎಳೆದಂತೆ. ಬಾಟಲಿಯ ಮೇಲೆ ಮಾತ್ರ ಚರ್ಮಕ್ಕೆ ತೇವ ಕೊಡುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಇದು ಸರಿಯಿಲ್ಲ ಎಂದು ಬಿಸಾಡುವುದರಲ್ಲಿದ್ದೆ.

ಈಗ ಮೂರು ವರ್ಷ ದಾಟಿದೆ. ನಡುವೆ ಎರಡು ತಿಂಗಳು ಬಿಟ್ಟರೆ ಅದೇ ಜೆಲ್ ಬಳಸುತ್ತಿದ್ದೇನೆ. ಗೀಟು ಬೀಳುವುದು ನಿಂತಿದೆ, ನವೆ ಇಲ್ಲ, ಕಾಲಿನ ಚರ್ಮ ಮುಟ್ಟಿದರೆ ನುಣುಪಾಗಿದೆ. ಬದಲಾದದ್ದು ನಾನು ಅದನ್ನು ಬಳಸುವ ರೀತಿ. ಹಾಗಾಗಿ ಈ ವಿಮರ್ಶೆಯಲ್ಲಿ ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಇಂಥದ್ದೇ ಪದಾರ್ಥಗಳಿರುವ ಜೆಲ್‌ಗಳು ಬೇಕಾದಷ್ಟಿವೆ, ಬಳಸುವ ಕ್ರಮವೂ ಅವಕ್ಕೆಲ್ಲ ಒಂದೇ.

ಮೊದಲು ಜೆಲ್ ಎಂಥದ್ದು ಅಂತ ಹೇಳುತ್ತೇನೆ. 500 ಮಿ.ಲೀ. ಪಂಪ್ ಬಾಟಲಿ. ಸುವಾಸನೆ ಹಾಕಿಲ್ಲ, ಬಣ್ಣವೂ ಇಲ್ಲ. ಬಾಟಲಿಯ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಮೊದಲು ನೀರು, ಆಮೇಲೆ ಕೊಳೆ ತೆಗೆಯುವ ಸೋಡಿಯಂ ಲಾರೆತ್ ಸಲ್ಫೇಟ್ ಮತ್ತು ಕೊಕಾಮಿಡೊಪ್ರೊಪೈಲ್ ಬೀಟೈನ್, ಗ್ಲಿಸರಿನ್, ಉಪ್ಪು, ಸಿಟ್ರಿಕ್ ಆಮ್ಲ, ಕೊನೆಗೆ ಕೆಡದಂತೆ ಕಾಯಲು ಸೋಡಿಯಂ ಬೆಂಜೊಯೇಟ್. ಜಾಸ್ತಿ ಪ್ರಮಾಣದಲ್ಲಿ ಇರುವುದು ಪಟ್ಟಿಯಲ್ಲಿ ಮೊದಲು ಬರುತ್ತದೆ. ತೇವ ಹಿಡಿದಿಡುವ ಗ್ಲಿಸರಿನ್ ಮೊದಲ ನಾಲ್ಕೈದರೊಳಗೆ ಇದೆಯಾ ಎಂದು ನೋಡಿಯೇ ಆರಿಸಿದ್ದೆ. ಉಪ್ಪು ಹಾಕುವುದು ಜೆಲ್ ಗಟ್ಟಿಯಾಗಲಿ ಅಂತ. ಗಟ್ಟಿಯಾಗಿದ್ದ ಮಾತ್ರಕ್ಕೆ ಅದರಲ್ಲಿ ಸತ್ವ ಜಾಸ್ತಿ ಎಂದು ನಂಬಬೇಡಿ.

ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ) 5.5 ಎಂದೂ ಬರೆದಿತ್ತು. ಪಿಎಚ್ ಪರೀಕ್ಷಿಸುವ ಕಾಗದದ ಪಟ್ಟಿ ತಂದು ನೋಡಿದೆ. ಜೆಲ್‌ನ ಬಣ್ಣ 5 ಮತ್ತು 6ರ ನಡುವೆ ನಿಂತಿತು. ಹಳೆಯ ಸಾಬೂನಿನ ನೊರೆ 9 ದಾಟಿತು. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು, ಸುಮಾರು 4.5ರಿಂದ 5.5. ಎಣ್ಣೆಗೆ ಕ್ಷಾರ ಸೇರಿಸಿ ಮಾಡುವ ಸಾಬೂನು ಅದನ್ನು ಮೇಲಕ್ಕೆ ಒಯ್ಯುತ್ತದೆ, ಮತ್ತೆ ಮೊದಲಿನಂತಾಗಲು ಕೆಲವು ಗಂಟೆ ಬೇಕು. ಗಡಸು ನೀರಿನಲ್ಲಿ ಸಾಬೂನು ಸುಣ್ಣದ ಅಂಶದ ಜೊತೆ ಸೇರಿ ಬಿಳಿ ಅಂಟು ಬೇರೆ ಬಿಡುತ್ತದೆ. ಜೆಲ್‌ಗೆ ಈ ಕಾಟ ಕಡಿಮೆ. ಇಷ್ಟೆಲ್ಲ ಅನುಕೂಲ ಇದ್ದೂ ನನ್ನ ಚರ್ಮ ಯಾಕೆ ಒಣಗಿತು?

ಉತ್ತರ ಹುಡುಕಲು ಒಂದು ಕೆಲಸ ಮಾಡಿದೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸದೆ, ಎರಡು ಮೂರು ವಾರಕ್ಕೆ ಒಂದೊಂದೇ ಅಭ್ಯಾಸ ಬದಲಿಸಿದೆ. ಚರ್ಮದ ಹೊರಪದರ ಹೊಸದಾಗಲು ವಾರಗಳೇ ಬೇಕು. ಎರಡು ದಿನ ನೋಡಿ ತೀರ್ಪು ಕೊಡುವುದರಲ್ಲಿ ಅರ್ಥವಿಲ್ಲ.

ಮೊದಲು ಬದಲಿಸಿದ್ದು ನೀರಿನ ಬಿಸಿ. ನಾನು ಕನ್ನಡಿ ಮಂಜಾಗುವಷ್ಟು ಬಿಸಿ ನೀರಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತಿದ್ದೆ. ಹೊರಗೆ ಬಂದಾಗ ಎದೆ, ಬೆನ್ನು ಕೆಂಪಗೆ. ಚರ್ಮದ ಹೊರಪದರ ಕೂದಲಿಗಿಂತ ತೆಳು, ದೇಹದ ಹೆಚ್ಚಿನ ಕಡೆ ಬರೀ 10ರಿಂದ 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರ ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನ ಆಮ್ಲಗಳು ತುಂಬಿಕೊಂಡು ಒಳಗಿನ ನೀರು ಆರಿಹೋಗದಂತೆ ತಡೆಯುತ್ತವೆ. ಬಿಸಿ ನೀರಿಗೆ ಈ ಜಿಡ್ಡು ಸಡಿಲವಾಗುತ್ತದೆ. ಅದರ ಮೇಲೆ ಜೆಲ್ ಹಾಕಿ ಉಜ್ಜಿದರೆ ಇನ್ನೂ ಸುಲಭವಾಗಿ ಹೊರಟುಹೋಗುತ್ತದೆ. ಈಗ ನೀರು ಉಗುರುಬೆಚ್ಚಗೆ ಇರಬೇಕು, ಸ್ನಾನ ಹತ್ತು ನಿಮಿಷದೊಳಗೆ ಮುಗಿಯಬೇಕು. ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟುಕೊಂಡಾಗ ಸುಡಬಾರದು, ಬರೀ ಹಿತವಾಗಿರಬೇಕು. ಮೊದಲ ವಾರ ತುಂಬ ಕಷ್ಟವಾಯಿತು. ಮೂರನೇ ವಾರಕ್ಕೆ ಸ್ನಾನದ ನಂತರದ ಬಿಗಿತ ಅರ್ಧ ಕಡಿಮೆಯಾಗಿತ್ತು.

ಎರಡನೆಯದು ಜೆಲ್‌ನ ಪ್ರಮಾಣ. ಮೊದಲ ವರ್ಷ 500 ಮಿ.ಲೀ. ಬಾಟಲಿ ಮೂರು ವಾರಕ್ಕೆ ಖಾಲಿಯಾಗುತ್ತಿತ್ತು. ನೊರೆ ಎದ್ದಷ್ಟೂ ಮೈ ಶುಭ್ರ ಎಂಬ ನಂಬಿಕೆ ನನ್ನದು. ಕೊಳೆ ತೆಗೆಯುವುದು ನೊರೆಯಲ್ಲ, ಜೆಲ್‌ನಲ್ಲಿರುವ ಸರ್ಫ್ಯಾಕ್ಟಂಟ್. ಅದರ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ಹೊರಗಿನಿಂದ ಬಂದ ಜಿಡ್ಡು ಯಾವುದು, ಚರ್ಮದ ಸ್ವಂತ ಜಿಡ್ಡು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಜಾಸ್ತಿ ಸುರಿದರೆ ಎರಡನ್ನೂ ಜಾಸ್ತಿ ಒಯ್ಯುತ್ತದೆ, ಅಷ್ಟೇ. ನನ್ನ ಪಂಪ್ ಒಂದು ಒತ್ತಿಗೆ ಸುಮಾರು 2 ಮಿ.ಲೀ. ಕೊಡುತ್ತದೆ, ಅಳೆದು ನೋಡಿದ್ದೇನೆ. ಈಗ ಮೂರು ಒತ್ತು, ಇಡೀ ಮೈಗೆ. ಬಾಟಲಿ ಎರಡೂವರೆ ತಿಂಗಳು ಬರುತ್ತದೆ. ಜೆಲ್ಲನ್ನು ನೇರವಾಗಿ ಮೈಗೆ ಹಚ್ಚುವುದಿಲ್ಲ. ಒದ್ದೆ ಕೈಯಲ್ಲಿ ತೆಗೆದುಕೊಂಡು, ಸ್ವಲ್ಪ ನೀರು ಸೇರಿಸಿ ಅಂಗೈಗಳ ನಡುವೆ ತಿಕ್ಕಿ, ತೆಳುವಾದ ಮೇಲೆ ಒದ್ದೆ ಮೈಗೆ ಸವರುತ್ತೇನೆ. ಹೀಗೆ ಮಾಡಿದರೆ ಒಂದೇ ಕಡೆ ದಪ್ಪಗೆ ಕೂರುವುದಿಲ್ಲ.

ಎಲ್ಲಿಗೆ ಹಚ್ಚಬೇಕು ಎಂಬುದು ಇದರ ಜೊತೆಗೇ ಬರುವ ಮಾತು. ಕಂಕುಳು, ತೊಡೆಸಂದು, ಪಾದ, ಕತ್ತಿನ ಹಿಂಭಾಗ: ಬೆವರು, ಜಿಡ್ಡು, ವಾಸನೆ ಕೂರುವುದು ಇಲ್ಲೇ. ದಿನವೂ ಜೆಲ್ ಬೇಕಾದದ್ದೂ ಇಲ್ಲಿಗೇ. ಕೈಕಾಲುಗಳ ಮೇಲೆ ಮಣ್ಣು ಮೆತ್ತಿಲ್ಲದಿದ್ದರೆ ದಿನವೂ ಉಜ್ಜುವ ಅಗತ್ಯವೇ ಇಲ್ಲ. ಮೇಲಿಂದ ಇಳಿದು ಬರುವ ನೊರೆನೀರು ಸಾಕು. ನಾನು ಮೀನಖಂಡಕ್ಕೆ ಮೂರು ದಿನಕ್ಕೊಮ್ಮೆ ಹಚ್ಚುತ್ತೇನೆ. ಬಿಳಿ ಗೀಟು ಪೂರ್ತಿ ಹೋದದ್ದು ಇದನ್ನು ಶುರು ಮಾಡಿದ ಮೇಲೆ. ಮುಖಕ್ಕೆ ಈ ಜೆಲ್ ಬೇಡ, ಅಲ್ಲಿನ ಚರ್ಮ ಬೇರೆ. ಜನನಾಂಗದ ಒಳಭಾಗಕ್ಕೆ ಯಾವ ಜೆಲ್ಲೂ ಬೇಡ, ಹೊರಭಾಗಕ್ಕೆ ನೀರೇ ಸಾಕು. ಈ ಮಾತು ಹೇಳಲು ಸಂಕೋಚಪಟ್ಟು ಎಷ್ಟೋ ಜನ ಉರಿ, ತುರಿಕೆ ಅನುಭವಿಸುತ್ತಾರೆ. ಅದಕ್ಕೇ ಬಿಡಿಸಿ ಬರೆದಿದ್ದೇನೆ.

ಜಾಲರಿ ಸ್ಪಂಜನ್ನು ಬಿಟ್ಟೆ. ಕಷ್ಟವೇನೂ ಆಗಲಿಲ್ಲ. ಗಸಗಸ ಉಜ್ಜಿದಾಗ ಹಿತ ಅನಿಸುತ್ತದೆ, ನಿಜ. ಆದರೆ ಒಣಗಿದ ಚರ್ಮವನ್ನು ದಿನವೂ ಕೆರೆದಂತೆ ಅದು. ಸದಾ ಒದ್ದೆಯಾಗಿ ನೇತಾಡುವ ಜಾಲರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಸತ್ತ ಚರ್ಮದ ಪುಡಿಯೂ ಸಿಕ್ಕಿಕೊಳ್ಳುತ್ತದೆ. ಬೇಕೇ ಬೇಕು ಎನ್ನುವವರು ಬಳಸಿದ ಮೇಲೆ ಚೆನ್ನಾಗಿ ತೊಳೆದು, ಹಿಂಡಿ, ಸ್ನಾನದ ಮನೆಯ ಹೊರಗೆ ಗಾಳಿಗೆ ಒಣಹಾಕಿ. ಒಂದೆರಡು ತಿಂಗಳಿಗೆ ಹೊಸದು ತನ್ನಿ. ನನಗೆ ಕೈ ಸಾಕು. ಬೆನ್ನಿಗೆ ಮಾತ್ರ ಮೆತ್ತಗಿನ ಬಟ್ಟೆ.

ತೊಳೆದುಕೊಳ್ಳುವ ವಿಷಯದಲ್ಲಿ ಒಂದು ಪಾಠ ಸಿಕ್ಕಿತು. ಸೊಂಟದ ಸುತ್ತ, ಎಲಾಸ್ಟಿಕ್ ಕೂರುವ ಜಾಗದಲ್ಲಿ ಸಣ್ಣ ತುರಿಕೆ ಹೋಗುತ್ತಲೇ ಇರಲಿಲ್ಲ. ಜೆಲ್ ಜಾರುವ ಗುಣದ್ದು. ಹೋಯಿತು ಅಂದುಕೊಂಡರೂ ಮಡಿಕೆಗಳಲ್ಲಿ ಸ್ವಲ್ಪ ಉಳಿದಿರುತ್ತದೆ. ಈಗ ಕಿವಿಯ ಹಿಂದೆ, ಎದೆಯ ಕೆಳಗೆ, ಸೊಂಟ, ಕಾಲ್ಬೆರಳ ಸಂದು, ಇಷ್ಟಕ್ಕೆ ಬೇರೆಯಾಗಿ ನೀರು ಬಿಡುತ್ತೇನೆ. ತಲೆಗೆ ಸ್ನಾನ ಮಾಡುವ ದಿನ ಕೂದಲು ಮೊದಲು, ಮೈ ಆಮೇಲೆ. ಕಂಡೀಷನರ್ ಬೆನ್ನಿನ ಮೇಲೆ ಉಳಿದರೆ ಕೆಲವರಿಗೆ ಮೊಡವೆ ಬರುತ್ತದೆ.

ಇನ್ನು ಮುಖ್ಯವಾದದ್ದು ಷವರ್ ನಿಲ್ಲಿಸಿದ ಮೇಲಿನ ಮೂರು ನಿಮಿಷ. ಈ ಇಡೀ ವಿಮರ್ಶೆಯಲ್ಲಿ ಒಂದೇ ಒಂದು ಮಾತು ತೆಗೆದುಕೊಂಡು ಹೋಗುವುದಾದರೆ ಇದನ್ನು ತೆಗೆದುಕೊಳ್ಳಿ. ಜೆಲ್ ತೊಳೆದು ಹೋಗುವ ವಸ್ತು. ಅದರಲ್ಲಿರುವ ಗ್ಲಿಸರಿನ್‌ನ ಬಹುಪಾಲು ನೀರಿನ ಜೊತೆಗೇ ಹೋಗುತ್ತದೆ. ಒಳ್ಳೆಯ ಜೆಲ್ ಚರ್ಮವನ್ನು ಕಡಿಮೆ ಒಣಗಿಸುತ್ತದೆ. ತೇವ ತುಂಬುವ ಕೆಲಸವನ್ನು ಪೂರ್ತಿ ಅದರ ಮೇಲೆ ಹೊರಿಸುವುದು ತಪ್ಪು. ಟವೆಲಿನಿಂದ ಗಟ್ಟಿಯಾಗಿ ಒರೆಸದೆ ಒತ್ತಿ ಒತ್ತಿ ನೀರು ತೆಗೆಯಿರಿ. ಮೈ ಇನ್ನೂ ಸ್ವಲ್ಪ ಹಸಿಯಿರುವಾಗಲೇ ಲೋಷನ್ ಹಚ್ಚಿ. ತುಂಬ ಒಣ ಚರ್ಮವಾದರೆ ಲೋಷನ್‌ಗಿಂತ ಕ್ರೀಮ್ ಒಳ್ಳೆಯದು, ಅದಕ್ಕಿಂತ ಒಣಗಿದ್ದರೆ ಪೆಟ್ರೋಲಿಯಂ ಜೆಲ್ಲಿ. ಮೇಲಿರುವ ನೀರು ಆರುವ ಮೊದಲೇ ಅದನ್ನು ಒಳಗೆ ಹಿಡಿದಿಡುವುದು ಉದ್ದೇಶ. ಮೊದಲು ನಾನು ಬಟ್ಟೆ ಹಾಕಿಕೊಂಡು, ಕೆಲಸ ಮುಗಿಸಿ, ನೆನಪಾದಾಗ ಹಚ್ಚುತ್ತಿದ್ದೆ. ಅದೇ ಲೋಷನ್ ಆಗ ಅರ್ಧದಷ್ಟೂ ಕೆಲಸ ಮಾಡುತ್ತಿರಲಿಲ್ಲ.

ನಡುವೆ ಬಿಟ್ಟ ಎರಡು ತಿಂಗಳ ಕಥೆ ಹೇಳಬೇಕು. ಎರಡನೇ ವರ್ಷದಲ್ಲಿ ಚರ್ಮ ಚೆನ್ನಾಗಿದೆಯಲ್ಲ ಎಂಬ ಧೈರ್ಯದಿಂದ ಘಮಘಮ ಅನ್ನುವ, ಮೈಗೆ ತಂಪು ಹತ್ತಿಸುವ ಇನ್ನೊಂದು ಜೆಲ್ ತಂದೆ. ಬಳಸಿದಾಗ ತುಂಬ ಖುಷಿಯಾಯಿತು. ಐದನೇ ವಾರ ಕತ್ತು ಮತ್ತು ಮೊಣಕೈ ಮಡಿಕೆಯಲ್ಲಿ ಕೆಂಪು ದದ್ದು. ಚರ್ಮದ ವೈದ್ಯರು ಪ್ಯಾಚ್ ಟೆಸ್ಟ್ (ಅನುಮಾನದ ಪದಾರ್ಥಗಳನ್ನು ಸ್ವಲ್ಪ ಸ್ವಲ್ಪ ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಮಾಡಿಸಿದರು. ನನಗೆ ಒಗ್ಗದ್ದು ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಸಂರಕ್ಷಕ, ಅಂದರೆ ಜೆಲ್ ಕೆಡದಂತೆ ಕಾಯುವ ಪದಾರ್ಥ. ಬಾಟಲಿಯ ಪಟ್ಟಿಯಲ್ಲಿ ಅದರ ಹೆಸರು ಇತ್ತು, ನಾನೇ ಓದಿರಲಿಲ್ಲ. ಚರ್ಮಕ್ಕೆ ತಾಗಿ ಬರುವ ಅಲರ್ಜಿಗಳನ್ನು ನೋಡುವ ವೈದ್ಯರ ಸಂಘವಾದ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಇದನ್ನೇ ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತ್ತು. ಯುರೋಪಿಯನ್ ಒಕ್ಕೂಟದಲ್ಲಿ ಹಚ್ಚಿ ಹಾಗೇ ಬಿಡುವ ಕ್ರೀಮ್‌ಗಳಲ್ಲಿ ಇದನ್ನು ಹಾಕುವಂತಿಲ್ಲ. ತೊಳೆಯುವ ಜೆಲ್, ಶಾಂಪೂಗಳಲ್ಲಿ ಹತ್ತು ಲಕ್ಷಕ್ಕೆ 15 ಭಾಗ ಮೀರುವಂತಿಲ್ಲ. ಇದು ಯಾರಿಗೂ ಒಗ್ಗುವುದಿಲ್ಲ ಎಂದಲ್ಲ. ನನ್ನ ಜೆಲ್‌ನಲ್ಲಿರುವ ಕೊಕಾಮಿಡೊಪ್ರೊಪೈಲ್ ಬೀಟೈನ್ ಕೂಡ 2004ರಲ್ಲಿ ಅದೇ ಸೊಸೈಟಿಯ ಪಟ್ಟಿಯಲ್ಲಿ ಬಂದದ್ದೇ. ನನಗೆ ಅದರಿಂದ ತೊಂದರೆಯಿಲ್ಲ, ನಿಮಗೆ ಇರಬಹುದು. ಹೊಸ ಜೆಲ್ ತಂದರೆ ಒಂದು ವಾರ ಮುಂಗೈಯ ಒಳಭಾಗಕ್ಕೆ ಮಾತ್ರ ಹಚ್ಚಿ, ತೊಳೆದು ನೋಡಿ. ಆಮೇಲೆ ಮೈಗೆಲ್ಲ.

ಕ್ರಿಮಿ ಕೊಲ್ಲುತ್ತದೆ ಎಂದು ಮಾರುವ ಜೆಲ್‌ಗಳ ಬಗ್ಗೆ ನನಗೆ ಒಲವಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಎಂಬ ಕ್ರಿಮಿನಾಶಕ ಸೇರಿದಂತೆ 19 ಪದಾರ್ಥಗಳನ್ನು ಇಂಥ ಸಾಬೂನು, ಬಾಡಿ ವಾಷ್‌ಗಳಿಂದ ಹೊರಗಿಟ್ಟಿತು. ಮಾಮೂಲಿ ಸಾಬೂನು ಮತ್ತು ನೀರಿಗಿಂತ ಇವು ಮೇಲು ಎಂದು ತಯಾರಕರು ತೋರಿಸಿಕೊಡಲಿಲ್ಲ ಎಂಬುದು ಕಾರಣ.

ಕೊರತೆಗಳೂ ಇವೆ. ಸುವಾಸನೆ ಇಲ್ಲದ ಜೆಲ್‌ಗೆ ಅದರದೇ ಒಂದು ಸಪ್ಪೆ ವಾಸನೆ ಇರುತ್ತದೆ, ಒಗ್ಗಿಕೊಳ್ಳಲು ವಾರ ಬೇಕಾಯಿತು. ನೆಲ ಜಾರುತ್ತದೆ, ಸ್ನಾನ ಮುಗಿಸಿ ನೆಲಕ್ಕೂ ನೀರು ಹಾಕಲೇಬೇಕು. ಪಂಪ್‌ನ ಕೊಳವೆ ತಳ ಮುಟ್ಟುವುದಿಲ್ಲ, ಕೊನೆಯ ಒಂದೆರಡು ದಿನದ ಜೆಲ್ ತಳದಲ್ಲೇ ಉಳಿಯುತ್ತದೆ. ಅದಕ್ಕೆ ನೀರು ಸೇರಿಸಿ ಅಲ್ಲಾಡಿಸಿ ದಿನಗಟ್ಟಲೆ ಇಡಬೇಡಿ. ಸಂರಕ್ಷಕ ತೆಳುವಾಗಿ ಒಳಗೆ ಸೂಕ್ಷ್ಮಜೀವಿ ಬೆಳೆಯಬಹುದು. ಬಾಟಲಿಯನ್ನು ತಲೆಕೆಳಗೆ ನಿಲ್ಲಿಸಿ, ಇಳಿದದ್ದನ್ನು ಬಳಸಿ. ಬಾಟಲಿಯ ಹಿಂಬದಿಯಲ್ಲಿ, ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12M ಎಂದಿದ್ದರೆ, ಮುಚ್ಚಳ ತೆಗೆದ ಮೇಲೆ 12 ತಿಂಗಳೊಳಗೆ ಮುಗಿಸಬೇಕು ಎಂದರ್ಥ. ಪ್ಲಾಸ್ಟಿಕ್ ಬಾಟಲಿ ರಾಶಿಯಾಗುವುದು ನನಗೆ ನಿಜವಾಗಿಯೂ ಬೇಸರದ ವಿಷಯ. ಈ ಜೆಲ್‌ಗೆ ಮರುತುಂಬುವ ಪೊಟ್ಟಣ ಇನ್ನೂ ಸಿಗುತ್ತಿಲ್ಲ.

ತೋಳಿನ ಹಿಂಭಾಗದ ಸಣ್ಣ ಸಣ್ಣ ಗುಳ್ಳೆಗಳಿಗೆ ಜೆಲ್‌ನಿಂದ ಏನೂ ಆಗಲಿಲ್ಲ. ಯೂರಿಯಾ ಇರುವ ಕ್ರೀಮ್ ಹಚ್ಚಿದ ಮೇಲೆ ಕಡಿಮೆಯಾದವು. ಎಕ್ಸಿಮಾ, ಸೋರಿಯಾಸಿಸ್ ಇರುವವರು ನನ್ನ ಮಾತಿಗಿಂತ ವೈದ್ಯರ ಮಾತು ಕೇಳಿ.

ಕಳೆದ ವರ್ಷದಿಂದ ಅಮ್ಮನೂ ಇದೇ ಜೆಲ್ ಬಳಸುತ್ತಿದ್ದಾರೆ. ವಯಸ್ಸಾದಂತೆ ಚರ್ಮದಲ್ಲಿ ಜಿಡ್ಡು ಊರುವುದು ಕಡಿಮೆಯಾಗುತ್ತದೆ. ನನಗೆ ಸರಿಹೋದ ಮೂರು ಒತ್ತು ಅವರಿಗೆ ಜಾಸ್ತಿಯಾಯಿತು, ಮೊದಲ ತಿಂಗಳು ಕಾಲಿನಲ್ಲಿ ಹೊಟ್ಟು ಎದ್ದಿತು. ಈಗ ಕಂಕುಳು, ತೊಡೆಸಂದು, ಪಾದಕ್ಕೆ ಒಂದೇ ಒತ್ತು. ಕಾಲಿಗೆ ಬರೀ ನೀರು, ಮೇಲೆ ದಪ್ಪ ಕ್ರೀಮ್. ಮೊನ್ನೆ ತಾವೇ ಕಾಲು ಚಾಚಿ, ಉಗುರಿನಿಂದ ಗೆರೆ ಎಳೆದು ತೋರಿಸಿದರು. ಬಿಳಿ ಗೀಟು ಬರಲಿಲ್ಲ.